ದಿನಕ್ಕೆರಡು ಆಣೆಯ ಭರವಸೆ

ಕಷ್ಟಕಾಲದಲ್ಲಿ ಅಕ್ಕಿ, ಬೇಳೆ, ಎಣ್ಣೆ ಎಲ್ಲವುಗಳ ಬೆಲೆಯೂ ಏರುತ್ತದೆ. ಏರದೆ ಉಳಿಯುವ ಪದಾರ್ಥ ಒಂದೇ ಒಂದು, ಅದು ಉಪದೇಶ. ಅದು ಯಾವ ಕಾಲಕ್ಕೂ ಪುಕ್ಕಟೆಯಾಗಿಯೇ ದೊರೆಯುತ್ತದೆ. ಬೇಡವೆಂದವರ ಮನೆ ಬಾಗಿಲಿಗೂ ತಾನಾಗಿ ಬಂದು ಬೀಳುತ್ತದೆ. "ಧೈರ್ಯಗೆಡಬೇಡಿ, ಒಳ್ಳೆಯ ದಿನ ಬಂದೇ ಬರುತ್ತದೆ" ಎನ್ನುವುದಕ್ಕೆ ಹೇಳುವವನಿಗೆ ಖರ್ಚೇನೂ ಇಲ್ಲವಷ್ಟೆ! ನಾವೂ ಒಮ್ಮೆ ಈ ಪದಾರ್ಥವನ್ನು ಧಾರಾಳವಾಗಿ ಹಂಚಲು ಹೊರಟವರೇ. ಹಾಗೆ ಹೊರಟಾಗ ಏನಾಯಿತು, ಅದರಿಂದ ನಾವು ಕಲಿತದ್ದೇನು ಎಂಬುದನ್ನು ಸಂಘದ ಕುಟುಂಬಗಳ ಮುಂದೆ ಇಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

2020ನೆಯ ಇಸವಿಯ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದನ್ನು ಯಾರೂ ಮರೆತಿರಲಾರರು. ಅದಕ್ಕೂ ಮೊದಲೇ ಲೋಕಲ್ ಗಾಡಿಗಳು ನಿಂತುಹೋಗಿದ್ದವು. ಠಾಣೆಯಿಂದ ವಾಶಿಗೆ ಹೋಗುವ ಗಾಡಿಯ ಸದ್ದಿನಿಂದಲೇ ಬೆಳಗಿನ ಹೊತ್ತನ್ನು ತಿಳಿಯುತ್ತಿದ್ದ ನಮ್ಮ ಘಣಸೋಲಿಯಲ್ಲಿ ಹಗಲಿಗೂ ಇರುಳಿಗೂ ವ್ಯತ್ಯಾಸ ತೋರದ ನಿಶ್ಶಬ್ದ. ನಮ್ಮ ಅಕ್ಕ-ಭಾವನವರು ಇದೇ ಊರಿನ ಹಳೆಯ ಗಾವಠಾಣದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇಬ್ಬರು ಮಕ್ಕಳೊಡನೆ ಇದ್ದರು. ಭಾವ ಮಹಾಪೆಯ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಕಾರಖಾನೆಗಳ ಪಾಳಿಯ ಜನರೂ ಕಂಪ್ಯೂಟರ್ ಕಂಪನಿಗಳ ಹುಡುಗರೂ ಅಲ್ಲಿಗೆ ಊಟಕ್ಕೆ ಬರುತ್ತಿದ್ದರು. ಕಾರಖಾನೆ ನಿಂತಿತು, ಹುಡುಗರು ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದರು, ಹೋಟೆಲಿಗೆ ಬೀಗ ಬಿತ್ತು. ಮಾಲಿಕರು ಒಳ್ಳೆಯವರು, ಒಂದು ತಿಂಗಳ ಸಂಬಳ ಕೊಟ್ಟರು. ಆಮೇಲೆ ಕೊಡಲು ಅವರ ಬಳಿಯಲ್ಲೂ ಇರಲಿಲ್ಲ.

ಏಪ್ರಿಲ್ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ ನಾವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ಐದು ಕಿಲೋ ಅಕ್ಕಿ, ಬಾಯಿತುಂಬ ಉಪದೇಶ ಇಟ್ಟುಕೊಂಡು ಅವರ ಮನೆಗೆ ಹೋದೆವು. ಭಾವ ಬಾಗಿಲ ಬಳಿ ಮೋರೆ ಬಾಡಿಸಿಕೊಂಡು ಕೂತಿದ್ದರು. "ಭಾವ, ನೀವು ಹೀಗೆ ಕೂತರೆ ಹೇಗೆ? ಮನಸ್ಸನ್ನು ಗಟ್ಟಿಮಾಡಿಕೊಳ್ಳಿ. ಎಲ್ಲವೂ ಸರಿಹೋಗುತ್ತದೆ" ಎಂದು ಆರಂಭಿಸಿದೆವು. ಅವರು ಕೇಳುವಷ್ಟು ಕೇಳಿ ಮೆಲ್ಲನೆ ಹೇಳಿದರು: "ನಿನಗೇನು ಮಾರಾಯ! ತಿಂಗಳು ತುಂಬಿದ ಕೂಡಲೇ ಸಂಬಳ ಬರುತ್ತದೆ. ಆ ಧೈರ್ಯ ನಿನ್ನದಲ್ಲ, ನಿನ್ನ ಸಂಬಳದ್ದು."

ಅಕ್ಕ ಒಳಗಿನಿಂದ ಗದರಿಸಿದಳು. ಆದರೆ ಮಾತು ಹೊರಬಿದ್ದಾಗಿತ್ತು. ನಾವು ಅಕ್ಕಿಯ ಚೀಲ ಇಟ್ಟು ಸುಮ್ಮನೆ ಮನೆಗೆ ಬಂದೆವು.

ದಾರಿಯುದ್ದಕ್ಕೂ ಕೋಪವೇ. ಮನೆಗೆ ಬಂದಮೇಲೆ ಮಾತ್ರ ಹದಿನೈದು ದಿನ ಹಿಂದಿನದು ನೆನಪಾಯಿತು. ನಾವು ರಾಜ್ಯ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಬೊಕ್ಕಸಕ್ಕೆ ಆದಾಯ ನಿಂತದ್ದರಿಂದ ಮಾರ್ಚ್ ತಿಂಗಳ ಸಂಬಳವನ್ನು ಎರಡು ಕಂತಿನಲ್ಲಿ ಕೊಡುವುದೆಂದು ಸರಕಾರ ಸಾರಿತ್ತು. ನಮ್ಮಂಥ ಮೂರನೆಯ ದರ್ಜೆಯವರಿಗೆ ಮುಕ್ಕಾಲು ಪಾಲು ಮೊದಲು, ಕಾಲು ಪಾಲು ಆಮೇಲೆ. ಕೈ ತಪ್ಪಿದ್ದಲ್ಲ, ತಡವಾದದ್ದು ಮಾತ್ರ. ಅದೂ ಬರೀ ಕಾಲು ಪಾಲು. ಅಷ್ಟಕ್ಕೇ ನಾವು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆವು! ಪೂರ್ತಿ ಸಂಬಳ ಹೋದವರಿಗೆ ಧೈರ್ಯ ಹೇಳಲು ಹೋದ ನಮ್ಮ ಯೋಗ್ಯತೆ ಅಷ್ಟು. ಭಾವ ಆಡಿದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಗಿರಣಿಯ ಬಾಗಿಲು

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ವಿಜಯಪುರದ ಕಡೆಯ ಅಜ್ಜನವರೊಬ್ಬರು ಮಗನ ಮನೆಯಲ್ಲಿದ್ದಾರೆ. ಯೌವನದಲ್ಲಿ ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ನೇಯುವ ಖಾತೆಯಲ್ಲಿದ್ದವರು. ಆ ದಿನ ಸಂಜೆ ಗಚ್ಚಿನ ಮೇಲೆ ನಮ್ಮ ಸಪ್ಪೆ ಮೋರೆ ನೋಡಿ ವಿಷಯ ವಿಚಾರಿಸಿದರು. ನಾವು ನಡೆದುದನ್ನು ಹೇಳಿದೆವು.

ಮುಂಬಯಿಯ ಗಿರಣಿಗಳ ಮುಷ್ಕರ 1982ರ ಜನವರಿ 18ರಂದು ಆರಂಭವಾಯಿತು. ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ವರ್ಷ ಕಳೆದರೂ ಅದು ಮುಗಿಯಲಿಲ್ಲ. ಮುಗಿಯಿತೆಂದು ವಿಧ್ಯುಕ್ತವಾಗಿ ಯಾರೂ ಸಾರಲೂ ಇಲ್ಲ. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಸಾವಿರಾರು ಸಂಸಾರಗಳು ಲಾಲಬಾಗ, ಪರಳ, ವರಳಿಯ ಚಾಳುಗಳನ್ನು ಬಿಟ್ಟು ಚದುರಿಹೋದವು. ಬೇಡಿಕೆ ಸರಿಯೇ ತಪ್ಪೇ ಎಂಬುದು ಇಲ್ಲಿನ ವಿಷಯವಲ್ಲ. ಆ ಮನೆಗಳೊಳಗೆ ಆಶೆ ಹೇಗೆ ಬದುಕಿತ್ತು ಎಂಬುದನ್ನು ಅಜ್ಜನವರ ಬಾಯಲ್ಲೇ ಕೇಳಬೇಕು.

"ಗಿರಣಿ ಇವತ್ತ ತೆರೀತೈತಿ, ನಾಳೆ ತೆರೀತೈತಿ ಅಂತ ಎಂಟ ತಿಂಗಳ ದಾರಿ ನೋಡಕೋತ ಕುಂತೆ, ತಮ್ಮಾ. ಆಶಾ ಇರಲಿಲ್ಲ ಅಂತ ತಿಳೀಬ್ಯಾಡ. ಆಶಾ ಭಾಳ ಇತ್ತು. ಅದಽ ನನ್ನ ಕೈ ಕಟ್ಟಿ ಕುಂಡ್ರಿಸಿತ್ತು. ನಾಳೆ ಗಿರಣಿ ತೆರಿಯೂದಾದ್ರ ಇವತ್ತ ಬ್ಯಾರೆ ಕೆಲಸಾ ಯಾಕ ಹುಡುಕಬೇಕು?"

"ಆಮೇಲೆ?" ಎಂದೆವು.

"ಆಮ್ಯಾಲ ನಮ್ಮಾಕಿ ಒಂದ ದಿವ್ಸ ಅಂದ್ಲು: ವಾಶಿಯೊಳಗ ಉಳ್ಳಾಗಡ್ಡಿ ಬಜಾರ ಆಗೇತಂತ. ಒಂದ ವಾರ ಹೋಗಿ ಬರ್ರಿ. ಗಿರಣಿ ತೆರದ್ರ ತಿರುಗಿ ಹೋಗೀರಂತ. ಒಂದ ವಾರ ಅಂತ ಹ್ವಾದಾಂವ ಇಪ್ಪತ್ತೆರಡ ವರ್ಷ ಅಲ್ಲೇ ತೂಕದ ಚೀಟಿ ಬರದೆ."

ಸಗಟು ಉಳ್ಳಾಗಡ್ಡಿ-ಬಟಾಟೆ ಮಾರುಕಟ್ಟೆ ಮುಂಬಯಿ ಬಿಟ್ಟು ವಾಶಿಗೆ ಬಂದದ್ದು 1981ರಲ್ಲಿ. ಒಂದು ಕಡೆ ಬಾಗಿಲು ಮುಚ್ಚುತ್ತಿದ್ದಾಗ ಖಾಡಿಯ ಈಚೆ ಇನ್ನೊಂದು ಬಾಗಿಲು ಅರ್ಧ ತೆರೆದೇ ಇತ್ತು. ಅಜ್ಜನವರಿಗೆ ಅದು ಕಾಣಲು ಎಂಟು ತಿಂಗಳು ಬೇಕಾಯಿತು.

ಆ ಸಂಜೆ ನಮಗೆ ಒಂದು ವಿಷಯ ಹೊಳೆಯಿತು. ನಾವು ಭಾವನಿಗೆ ಕೊಡಲು ಹೋದದ್ದು ಈ ಎಂಟು ತಿಂಗಳ ಆಶೆಯನ್ನು. ಎಲ್ಲವೂ ಸರಿಹೋಗುತ್ತದೆ ಎಂದವರು ನಾವು. ಯಾವಾಗ, ಯಾರಿಂದ, ಹೇಗೆ ಎಂದು ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಮನೆಯಾಕೆ ಅಜ್ಜನವರಿಗೆ ಕೊಟ್ಟದ್ದು ಬೇರೆ ಬಗೆಯ ಆಶೆ. ಅದಕ್ಕೆ ಒಂದು ಊರಿನ ಹೆಸರಿತ್ತು, ಒಂದು ವಾರದ ಅವಧಿಯಿತ್ತು, ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಒಂದು ಕೆಲಸವಿತ್ತು.

ಅಮ್ಮನ ಪೆಟ್ಟಿಗೆಯ ಪುಸ್ತಕ

ಕೆಲವು ದಿನಗಳ ತರುವಾಯ ಅಕ್ಕ ತಾನೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ನಮ್ಮ ಅಮ್ಮನ ಒಂದು ಹಳೆಯ ಪಿಗ್ಮಿ ಪುಸ್ತಕ. ಬ್ಯಾಂಕುಗಳೆಲ್ಲ ಒಂದರೊಳಗೊಂದು ಸೇರಿಹೋಗಿವೆಯಂತೆ, ಇದರಲ್ಲಿ ಏನಾದರೂ ಉಳಿದಿದೆಯೇ ನೋಡು ಎಂದಳು. ಉಳಿದದ್ದೇನೂ ಇರಲಿಲ್ಲ, ಅಮ್ಮ ಆ ಹಣವನ್ನು ಎಂದೋ ಅಕ್ಕನ ಮದುವೆಗೆ ತೆಗೆದಿದ್ದಳು. ಆದರೆ ಆ ಪುಸ್ತಕ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು.

ಬ್ಯಾಂಕುಗಳು ಸೇರಿಹೋದದ್ದು ನಿಜವೇ. ಉಡುಪಿ-ಮಣಿಪಾಲದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು, ಅಂದರೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ವಾರದಲ್ಲೇ, ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು ಒಂದು ವರ್ಷ ಮೊದಲೇ, 2019ರ ಏಪ್ರಿಲ್ 1ರಂದು, ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತ್ತು. ಕರಾವಳಿಯ ಜನರಿಗೆ ಇವು ಬರಿಯ ಬ್ಯಾಂಕುಗಳಾಗಿರಲಿಲ್ಲ. ಇವುಗಳ ಹುಟ್ಟಿನ ಕಾಲವನ್ನು ನೋಡಿದರೆ ಕಾರಣ ತಿಳಿಯುತ್ತದೆ.

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ಶಾಶ್ವತ ನಿಧಿಯನ್ನು ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕೆನಿಸಿದ ಸಂಸ್ಥೆಯನ್ನು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದರು. ಮೊದಲ ದಿನ ಮುಗಿದಾಗ ಅಲ್ಲಿ ಜಮೆಯಾದ ಹಣ 38 ರೂಪಾಯಿ, 13 ಆಣೆ, 2 ಪೈ. ಆ ಎರಡು ಪೈಯನ್ನೂ ಲೆಕ್ಕಕ್ಕೆ ಹಿಡಿದ ಜನರವರು!

1925ರಲ್ಲಿ ಉಡುಪಿಯ ಸೀಮೆಯ ಕೈಮಗ್ಗದ ನೇಕಾರರು ತೀರ ಸಂಕಟದಲ್ಲಿದ್ದರು. ಆಗ ವೈದ್ಯರಾದ ಡಾ. ಟಿ. ಎಂ. ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ತಂದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಮನೆಗೆ ಬ್ಯಾಂಕಿನ ಏಜೆಂಟನೇ ದಿನವೂ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುವ ಏರ್ಪಾಡು ಅದು. ಜಗತ್ತೆಲ್ಲ ಮಹಾ ಆರ್ಥಿಕ ಕುಸಿತದಿಂದ ತತ್ತರಿಸಿ ಬೆಳೆದ ಬೆಳೆಗೆ ಬೆಲೆಯಿಲ್ಲದಿದ್ದ 1931ರ ಅಕ್ಟೋಬರ್ 23ರಂದು ಅತ್ತಾವರ ಬಾಲಕೃಷ್ಣ ಶೆಟ್ಟರೂ ಇತರ ರೈತರೂ ಕೂಡಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದರು. ಸುಭಿಕ್ಷದ ಕಾಲದಲ್ಲಿ ಯಾರು ಬೇಕಾದರೂ ಬ್ಯಾಂಕು ತೆರೆದಾರು. ಇವರು ತೆರೆದದ್ದು ಎಂಥ ಕಾಲದಲ್ಲಿ ಎಂಬುದನ್ನು ಗಮನಿಸಬೇಕು.

ಗುಮಾಸ್ತರಾದ ನಮಗೆ ಲೆಕ್ಕ ಮಾಡದೆ ಇರಲಾಗುವುದಿಲ್ಲ. ದಿನಕ್ಕೆರಡು ಆಣೆಯೆಂದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಅದರಿಂದ ಯಾರೂ ಶ್ರೀಮಂತರಾಗಲಿಲ್ಲ. ಹಾಗಾದರೆ ಅದರ ಮಹತ್ವವೇನು? ನಮಗೆ ತೋರುವುದಿಷ್ಟು: ಪಿಗ್ಮಿಯವನು ಇಂದು ಬಂದು, ನಾಳೆಯೂ ಬರುತ್ತೇನೆಂದು ಹೇಳಿ ಹೋಗುತ್ತಿದ್ದ. ಈ ಮನೆಯಲ್ಲಿ ನಾಳೆಯೂ ಎರಡಾಣೆ ಹುಟ್ಟುತ್ತದೆ ಎಂದು ಮನೆಯವರಿಗಿಂತ ಮೊದಲು ನಂಬಿದವನು ಅವನು. ನಂಬಿದ್ದು ಬಾಯಿಮಾತಿನಿಂದಲ್ಲ, ಬಿಸಿಲಲ್ಲಿ ನಡೆದು ಬಂದು, ಪುಸ್ತಕದಲ್ಲಿ ಬರೆದುಕೊಟ್ಟು. ಆ ಸಣ್ಣ ಹಣವೇ ಒಟ್ಟಾಗಿ ಕಷ್ಟದಲ್ಲಿದ್ದ ಇನ್ನೊಬ್ಬನಿಗೆ ಸಾಲವಾಗಿ ಹೋಗುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಹನಿಯನ್ನು ಕೂಡಿಸಲು ದಿನವೂ ಒಬ್ಬ ಬಾಗಿಲಿಗೆ ಬರಬೇಕು ಎಂಬುದನ್ನು ನಾವು ಮರೆಯುತ್ತೇವೆ.

ಹುಳಿ ಬಂದ ಹಿಟ್ಟು

ಆ ರಾತ್ರಿ ನಾವೂ ನಮ್ಮ ಮನೆಯವಳೂ ಕೂತು ವಿಚಾರ ಮಾಡಿದೆವು. ಅಕ್ಕನ ಮನೆಯಲ್ಲಿ ಒಂದು ಗ್ರೈಂಡರ್ ಇತ್ತು. ಭಾವನಿಗೆ ಇಪ್ಪತ್ತು ವರ್ಷಗಳ ಹೋಟೆಲ್ ಅನುಭವವಿತ್ತು. ನಮ್ಮ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ದೋಸೆ ತಿನ್ನುವ ಬಾಯಿಗಳಿಗೆ ಕೊರತೆಯಿರಲಿಲ್ಲ. ನಮ್ಮ ಮನೆಯವಳು ಪರಿಚಯದ ಮನೆಗಳಿಗೆಲ್ಲ ಫೋನ್ ಮಾಡಿದಳು. ಸಂಬಳ ನಿಲ್ಲದ ಒಂಬತ್ತು ಮನೆಗಳು ಒಪ್ಪಿದವು. ಮನೆಗೆ ದಿನ ಬಿಟ್ಟು ದಿನ ಒಂದು ಕಿಲೋ ದೋಸೆ ಹಿಟ್ಟು, ಕಿಲೋವಿಗೆ 60 ರೂಪಾಯಿ, ಹದಿನೈದು ದಿನಗಳ ಎಂಟು ಕಿಲೋ ಹಿಟ್ಟಿನ 480 ರೂಪಾಯಿ ಮುಂಗಡ. ಒಟ್ಟು 4,320 ರೂಪಾಯಿ. ದಾನವೆಂದು ಕೊಟ್ಟಿದ್ದರೆ ಭಾವ ಮುಟ್ಟುತ್ತಿರಲಿಲ್ಲ. ಮುಂಗಡವೆಂದದ್ದಕ್ಕೆ ಅರ್ಧ ಮನಸ್ಸಿನಿಂದ ತೆಗೆದುಕೊಂಡರು.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೆಯ ದಿನ ಮೇ ತಿಂಗಳ ಸೆಕೆ ತನ್ನ ಕೈ ತೋರಿಸಿತು. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯಾಗಿ, ಪಾತ್ರೆಯಿಂದ ಉಕ್ಕಿ ನೆಲದ ಮೇಲೆ ಹರಿದಿತ್ತು. ಭಾವ ಫೋನಿನಲ್ಲಿ, "ನನ್ನ ಹಣೆಬರಹವೇ ಇಷ್ಟು. ಉಳಿದ ದುಡ್ಡು ಅವರಿಗೆ ತಿರುಗಿಸಿಬಿಡು" ಎಂದರು. ತಿರುಗಿಸಲು ದುಡ್ಡೆಲ್ಲಿದೆ? ಅಕ್ಕಿ, ಉದ್ದಿನಬೇಳೆ ಆಗಲೇ ಚೀಲದಲ್ಲಿ ಬಂದು ಕೂತಿತ್ತು. ಒಂಬತ್ತು ಮನೆಯವರಿಗೆ ಇನ್ನೂ ಹತ್ತು ದಿನದ ಹಿಟ್ಟು ಸಲ್ಲಬೇಕಿತ್ತು. ಹೀಗಾಗಿ ಬೇರೆ ದಾರಿಯಿಲ್ಲದೆ ಮರುದಿನವೂ ಅವರು ಏಳಬೇಕಾಯಿತು. ಅಂದಿನಿಂದ ನಡುರಾತ್ರಿ ರುಬ್ಬುವುದು, ಬೆಳಿಗ್ಗೆ ಏಳರೊಳಗೆ ಕಟ್ಟಡಗಳ ಗೇಟಿನಲ್ಲಿ ಇಟ್ಟು ಬರುವುದು ಎಂದಾಯಿತು. ಹುಳಿ ಬಂದ ದಿನ ಭಾವನನ್ನು ಎಬ್ಬಿಸಿದ್ದು ನಮ್ಮ ಉಪದೇಶವಲ್ಲ, ಆ ಮುಂಗಡ.

ಅಕ್ಕ ಅಮ್ಮನ ಪಿಗ್ಮಿಯನ್ನು ಬಿಡಲಿಲ್ಲ. ಬ್ಯಾಂಕಿನವರು ಬರುವಂತಿರಲಿಲ್ಲವಾದ್ದರಿಂದ ಒಂದು ಬಿಸ್ಕತ್ತಿನ ಡಬ್ಬಿಗೇ ದಿನಕ್ಕೆ 20 ರೂಪಾಯಿ ಹಾಕತೊಡಗಿದಳು. ಮೇ 1ರಿಂದ ಡಿಸೆಂಬರ್ 31ರ ವರೆಗೆ 245 ದಿನ. ಹನ್ನೊಂದು ದಿನ ಹಾಕಲಾಗಲಿಲ್ಲ. ಉಳಿದ 234 ದಿನಗಳ 4,680 ರೂಪಾಯಿ ಮಕ್ಕಳ ಪುಸ್ತಕಕ್ಕೂ, ಫೋನಿನಲ್ಲಿ ಪಾಠ ಕೇಳುವ ಖರ್ಚಿಗೂ ಬಂತು. ಮಕ್ಕಳ ಓದು ಒಂದು ದಿನವೂ ನಿಲ್ಲಲಿಲ್ಲ.

ಇದನ್ನು ಓದಿ ಎಲ್ಲವೂ ಸುಖಾಂತವಾಯಿತೆಂದು ಯಾರೂ ತಿಳಿಯಬಾರದು. ಮಹಾರಾಷ್ಟ್ರದಲ್ಲಿ ಹೋಟೆಲಿನೊಳಗೆ ಕೂತು ತಿನ್ನಲು ಅನುಮತಿ ದೊರೆತದ್ದು 2020ರ ಅಕ್ಟೋಬರ್ 5ರಂದು. ಅದೂ ಅರ್ಧದಷ್ಟು ಗಿರಾಕಿಗಳಿಗೆ ಮಾತ್ರ. ಅಂದರೆ ಆರು ತಿಂಗಳಿಗೂ ಹೆಚ್ಚು ಕಾಲ ಗಲ್ಲೆ ಬರಿದಾಗಿತ್ತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪನ್ನವೇ ಹಿಂದಿನ ವರ್ಷಕ್ಕಿಂತ ನಾಲ್ಕನೆಯ ಒಂದು ಪಾಲಿನಷ್ಟು ಕುಗ್ಗಿತ್ತು. ಇಂಥ ಹೊಡೆತವನ್ನು ದೋಸೆ ಹಿಟ್ಟು ತಡೆಯಲಾರದು. ಅಕ್ಕನ ಎರಡು ಬಳೆಗಳು ಹೋದವು, ತಿರುಗಿ ಬರಲಿಲ್ಲ. ಕೋಣೆಯ ಬಾಡಿಗೆಯ ಬಾಕಿ ತೀರಲು ಎರಡು ವರ್ಷ ಹಿಡಿಯಿತು. 2021ರಲ್ಲಿ ಭಾವನಿಗೆ ಬೇರೊಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಹಿಟ್ಟಿನ ವ್ಯಾಪಾರವನ್ನು ಅಕ್ಕ ಈಗಲೂ ಬಿಟ್ಟಿಲ್ಲ. ಅವಳ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮರಾಠಿ ಮನೆಗಳು.

ನಮ್ಮಿಂದ ಆಗುವುದೇನು?

ಕಷ್ಟಕಾಲ ಒಂದೇ ಸಲ ಬಂದು ಹೋಗುವಂಥದಲ್ಲ. ಒಂದು ಮನೆಯಲ್ಲಿ ಕಂಪನಿ ಮುಚ್ಚುತ್ತದೆ, ಇನ್ನೊಂದರಲ್ಲಿ ಕಾಯಿಲೆ ಬರುತ್ತದೆ, ಮತ್ತೊಂದರಲ್ಲಿ ಐವತ್ತು ದಾಟಿದವರನ್ನು ಮನೆಗೆ ಕಳಿಸುತ್ತಾರೆ. ಆಗ ಸಂಬಳ ನಿಲ್ಲದ ನಮ್ಮಂಥವರ ಕರ್ತವ್ಯವೇನು ಎಂಬುದನ್ನು ಭಾವನ ಮಾತು ನಮಗೆ ಕಲಿಸಿದೆ. ಹಸಿದವನಿಗೆ ಮೊದಲು ಅಕ್ಕಿ. ಉಪದೇಶ ಆಮೇಲೆ, ಅದೂ ಕೇಳಿದರೆ ಮಾತ್ರ. ನಿಮಗೆ ಏನಾದರೂ ಬೇಕಾದರೆ ಹೇಳಿ ಎಂದು ಬಿಟ್ಟುಬರುವುದು ಸಾಲದು, ಮಾನಸ್ಥರು ಹೇಳುವುದಿಲ್ಲ. ಅವರ ಕೈಗೆ ಬರುವ ಕೆಲಸ ಯಾವುದೆಂದು ನಾವೇ ಯೋಚಿಸಿ, ನಾಲ್ಕು ಮನೆ ಕೂಡಿಸಿ, ಮುಂಗಡ ಕೊಟ್ಟು ಬರಬೇಕು. ಹೊಲಿಗೆ ಬಲ್ಲವರಿಗೆ ಬಟ್ಟೆ, ಪಾಠ ಹೇಳಬಲ್ಲವರಿಗೆ ಮಕ್ಕಳು, ಲೆಕ್ಕ ಬಲ್ಲವರಿಗೆ ಅಂಗಡಿಯ ಪುಸ್ತಕ. ಹುಡುಕಿದರೆ ಏನಾದರೊಂದು ಸಿಗುತ್ತದೆ.

ಕಷ್ಟದಲ್ಲಿರುವ ಮನೆಯವರಿಗೂ ಅಕ್ಕನ ಪರವಾಗಿ ಎರಡು ಮಾತು ಹೇಳುತ್ತೇವೆ. ಇವು ನಮ್ಮ ಬುದ್ಧಿಯಿಂದ ಬಂದವಲ್ಲ. ಗಂಡ-ಹೆಂಡತಿ ರಾತ್ರಿ ಕೂತು ಅಂದಂದಿನ ಲೆಕ್ಕವನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಬರೆಯದೆ ಇದ್ದಾಗ ಸಾಲ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ಅವಳ ಅನುಭವ. ದೊಡ್ಡ ಮಕ್ಕಳಿಗೆ ನಿಜವನ್ನು ಹೇಳಬೇಕು. ಮುಚ್ಚಿಟ್ಟರೆ ಅವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಂಡು ಒಳಗೊಳಗೇ ಹೆದರುತ್ತಾರೆ. ಫೋನಿನಲ್ಲಿ ಐದು ನಿಮಿಷದೊಳಗೆ ಸಾಲ ಕೊಡುತ್ತೇವೆ ಎನ್ನುವವರನ್ನು ನಂಬಬಾರದು. ಹಳೆಯ ಕೆಲಸ ತಿರುಗಿ ಸಿಗುವುದೆಂದು ಕಾಯಬಹುದು, ಆದರೆ ಕೈಕಟ್ಟಿ ಕಾಯಬಾರದು. ಒಂದು ವಾರಕ್ಕೆಂದು ಯಾವುದಾದರೂ ಕೆಲಸಕ್ಕೆ ಹೋಗಿಬರಬೇಕು.

ನಮ್ಮ ಹಿರಿಯರು ಊರು ಬಿಟ್ಟು ಈ ಸೀಮೆಗೆ ಬಂದಾಗ ಅವರ ಕೈಯಲ್ಲೇನಿತ್ತು? ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತಲೇ ಅಕ್ಷರ ಕಲಿತವರು ಎಷ್ಟು ಜನ! ಆ ಹುಡುಗರಿಗೂ ಯಾರೋ ಒಬ್ಬರು, ನಾಳೆ ಏಳು ಗಂಟೆಗೆ ಶಾಲೆಗೆ ಬಾ ಎಂದಿರಬೇಕು. ಮರುದಿನ ಆ ಹೊತ್ತಿಗೆ ಅಲ್ಲಿ ದೀಪ ಹಚ್ಚಿಟ್ಟು ಕಾದಿರಬೇಕು.

ಈ ಲೇಖನವನ್ನು ಕಳಿಸುವ ಮೊದಲು ಭಾವನಿಗೆ ಓದಿ ಹೇಳಿದೆವು. ಅವರು ನಕ್ಕು, "ಹಿಟ್ಟು ಹುಳಿ ಬಂದದ್ದನ್ನೂ ಬರೆದೆಯಾ? ಒಳ್ಳೆಯದಾಯಿತು, ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ" ಎಂದರು. ತರುವಾಯ ತಮ್ಮ ಹೋಟೆಲಿನಲ್ಲಿ ಕೆಲಸ ಬಿಟ್ಟ ಒಬ್ಬ ಹುಡುಗನ ವಿಳಾಸವನ್ನು ಬರೆದುಕೊಟ್ಟರು. ಅವನೂ ಘಣಸೋಲಿಯವನೇ, ಎರಡು ತಿಂಗಳಿಂದ ಮನೆಯಲ್ಲೇ ಇದ್ದಾನೆ. ಬರುವ ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ. ನಿಮ್ಮ ಕಟ್ಟಡದಲ್ಲೂ, ನಿಮ್ಮ ಗಲ್ಲಿಯಲ್ಲೂ ಇಂಥ ಒಂದು ಮನೆ ಇದ್ದರೆ, ವಾಚಕ ಮಹಾಶಯರೇ, ಒಮ್ಮೆ ಹೋಗಿ ಬಾಗಿಲು ತಟ್ಟಿ. ಬರುವಾಗ, ನಾಳೆ ಮತ್ತೆ ಬರುತ್ತೇವೆ ಎಂದು ಹೇಳಿ ಬನ್ನಿ. ಮರುದಿನ ತಪ್ಪದೆ ಹೋಗಿ.